ಟ್ಯೂಬ್‌ಲೈಟಿಗೆ ಕೊಟ್ಟ ಮಾತು

ಜೂನ್ ೯, ೧೯೮೧

ಮಣಿಪಾಲದ ಡಾಕ್ಟರು ರಕ್ತದೊತ್ತಡ ಏರಿದೆ, ಇನ್ನು ಬೊಬ್ಬೆ ಹೊಡೆಯಬೇಡಿ ಎಂದರು. ಬೊಬ್ಬೆ ಹೊಡೆಯದೆ ಕಟಪಾಡಿಯಲ್ಲಿ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸುವುದು ಹೇಗೆ ಎಂದು ಕೇಳಿದೆ. "ಹೇಳಬೇಕು ಅನಿಸಿದ್ದನ್ನು ಬರೆದುಬಿಡಿ ರಾಯರೇ" ಎಂದು ನಕ್ಕರು. ಹಾಗಾಗಿ ಪೇಂಟ್ ಕಂಪೆನಿಯವರು ಬಿಟ್ಟಿಯಾಗಿ ಕೊಟ್ಟ ಈ ಡೈರಿಗೆ ಇವತ್ತು ಮುಹೂರ್ತ.

ಮೊದಲನೆಯ ಬೊಬ್ಬೆ ಎರ್ಮಾಳಿನ ದೂಮಪ್ಪನ ಮೇಲೆ. ದೋಣಿ ಇರುವ ಮನುಷ್ಯ, ನಾಲ್ಕು ಜನ ಮಾತು ಕೇಳುವ ಮನುಷ್ಯ. ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಸತ್ತ ಟ್ಯೂಬ್‌ಲೈಟನ್ನು ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ರಾಯ್ರೆ, ಎರಡು ವರ್ಷ ಬರ್ತದೆ ಅಂದಿರಲ್ವಾ? ಇದು ನಾಲ್ಕು ತಿಂಗಳು ಸಹ ಬರ್ಲಿಲ್ಲ" ಎಂದ. ಮೆಲ್ಲಗೆ ಹೇಳಿದ್ದರೆ ಬೇರೆ ಮಾತು. ಉಡುಪಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮಾತು ಕೊಟ್ಟದ್ದು ನಾನೇ. ಟ್ಯೂಬು ಅಂದರೆ ಅರ್ಧ ಕರೆಂಟು, ದುಪ್ಪಟ್ಟು ಬೆಳಕು. ಎರಡು ವರ್ಷದೊಳಗೆ ಹೋದರೆ ತನ್ನಿ, ಹೊಸತು ಕೊಡುತ್ತೇನೆ ಎಂದು ಪ್ರತಿಯೊಬ್ಬ ಗಿರಾಕಿಗೂ ಎದೆ ತಟ್ಟಿ ಹೇಳಿದ್ದೇನೆ. ಈಗ ವಾರಕ್ಕೊಬ್ಬ ತರುತ್ತಿದ್ದಾನೆ. ಮಂಗಳೂರಿನ ಸಗಟು ವ್ಯಾಪಾರಿ, ಮಾಲಿನಲ್ಲಿ ದೋಷವಿಲ್ಲ, ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಅವನು ಹೇಗೂ ಎದೆ ತಟ್ಟಿರಲಿಲ್ಲ. ದೂಮಪ್ಪನಿಗೆ ಹೊಸತು ಕೊಟ್ಟು ಕಳಿಸಿದೆ.

ಹೀಗೇ ಕೊಡುತ್ತಾ ಹೋದರೆ ಅಂಗಡಿ ಉಳಿಯುವುದಿಲ್ಲ. ಕೊಡದಿದ್ದರೆ ನಾನು ಉಳಿಯುವುದಿಲ್ಲ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿರುವ ನನ್ನ ಅಣ್ಣ ಅನಂತಪದ್ಮನಾಭ ಕಳೆದ ತಿಂಗಳು ಊರಿಗೆ ಬಂದಾಗ ಎಲ್ಲ ನೋಡಿ ಹೋಗಿದ್ದಾನೆ. "ಬರುವ ಮೇ ತಿಂಗಳಲ್ಲಿ ನಾನು ಬರುವಾಗಲೂ ಇದೇ ಕತೆ ಆದರೆ ಅಂಗಡಿಗೆ ಬೀಗ ಹಾಕಿ ನನ್ನೊಟ್ಟಿಗೆ ಹೊರಡು. ಗಲ್ಲಾದಲ್ಲಿ ದುಡ್ಡು ಎಣಿಸಿಕೊಂಡು ಕೂರ್ಲಿಕ್ಕೆ ನಂಬಿಕೆಯ ಜನ ಬೇಕು" ಎಂದ. ಅವನ ಹೋಟೆಲಿನ ಗಲ್ಲಾದಲ್ಲಿ ಕೂತು ಇಡ್ಲಿಯ ಚೀಟಿ ಹರಿಯುವುದಕ್ಕಿಂತ ಸಮುದ್ರಕ್ಕೆ ಬೀಳುವುದು ವಾಸಿ. ಈ ಅಂಗಡಿ ನಾನು ಕಟ್ಟಿದ್ದು. ಇದನ್ನು ಬಿಟ್ಟು ಹೋಗಲು ನನ್ನಿಂದ ಆಗುವುದಿಲ್ಲ.

ಜೂನ್ ೧೮

ಇವತ್ತು ನಮ್ಮ ಮನೆಯಲ್ಲಿ ಬಂದವರು ಕೂರುವ ಚಾವಡಿಯ ಟ್ಯೂಬೂ ಹೋಯಿತು. ನನ್ನದೇ ಅಂಗಡಿಯದು, ನಾನೇ ಆರಿಸಿ ತಂದದ್ದು. ಪೋಸ್ಟ್ ಮಾಸ್ಟರು ಕೂತಿದ್ದಾಗಲೇ ಕಣ್ಣು ಮಿಟುಕಿಸಿ ಮಿಟುಕಿಸಿ ಸತ್ತಿತು. ಅವರು ಎಂತದೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಊಟಕ್ಕೆ ಕೂತಾಗ ಹೆಂಡತಿ ಮನೋರಮಾ, "ಚಾವಡಿಯದು ಹೋಗಿಯೇ ಹೋಗ್ತದೆ, ಅಡಿಗೆಮನೆಯ ಬಲ್ಬು ಮಾತ್ರ ನಾನು ಈ ಮನೆಗೆ ಬಂದಾಗಿನಿಂದ ಉಂಟು ನೋಡಿ" ಎಂದಳು. ಅದು ಹದಿನೈದು ಕ್ಯಾಂಡಲಿನ ಬಲ್ಬು, ಮಸಿ ಹಿಡಿದು ಬದನೆಕಾಯಿಯ ಹಾಗೆ ಕಾಣುತ್ತದೆ. ಅದರಲ್ಲಿ ಬೆಳಕೇ ಇಲ್ಲದ ಮೇಲೆ ಹೋಗಲು ಎಂತ ಉಂಟು? ವ್ಯಾಪಾರದ ವಿಷಯ ನಿನಗೆ ತಿಳಿಯುವುದಿಲ್ಲ, ಮಜ್ಜಿಗೆ ಹಾಕು ಎಂದೆ. ಹಾಕಿದಳು. ಅನ್ನದಲ್ಲಿ ಒಂದು ಕಲ್ಲು ಸಿಕ್ಕಿತು. ಕಲ್ಲು ನೋಡಿ ಆರಿಸಬಾರದೇ ಎಂದರೆ, "ಕಾಣಬೇಕಲ್ಲ" ಎಂದಳು.

ಜುಲೈ ೩

ಕಾರಣ ಹುಡುಕಿ ತಲೆ ಕೆಟ್ಟಿದೆ. ವೋಲ್ಟೇಜು ಎಂದರೆ, ಒಂದೇ ಕಂಬದಿಂದ ತಂತಿ ಎಳೆದ ಎರಡು ಮನೆಗಳಲ್ಲಿ ಒಂದರದು ಹೋಗಿದೆ, ಇನ್ನೊಂದರದು ಹೋಗಿಲ್ಲ. ಉಪ್ಪುಗಾಳಿ ಎಂದರೆ, ಸಮುದ್ರ ಕಾಣದ ಅಜೆಕಾರಿನಲ್ಲಿ ನನ್ನ ಮಾವನ ಮನೆಯದೂ ಹೋಗಿದೆ. ನಮ್ಮ ವಯರ್‌ಮನ್ ಶೀನ ಮಾತ್ರ ಶಾಂತವಾಗಿದ್ದಾನೆ. "ದೃಷ್ಟಿ ತಾಗಿದ್ದು ಧಣಿ. ಅಷ್ಟು ಬೆಳ್ಳಗೆ ಉರಿಯುವುದನ್ನು ಚಾವಡಿಯಲ್ಲಿ ತೂಗಿಸಿದರೆ ಜನ ಸುಮ್ಮನೆ ಬಿಡ್ತಾರಾ?" ಎನ್ನುತ್ತಾನೆ. ಟ್ಯೂಬಿಗೆ ಕುಂಬಳಕಾಯಿ ಒಡೆಯಬೇಕೇ ಎಂದು ಗದರಿದೆ. ಬರೆದು ಸಿಟ್ಟು ಇಳಿಸಬೇಕೆಂದು ನೆನಪಾದದ್ದು ಆಮೇಲೆ.

ಮಧ್ಯಾಹ್ನ ಬರ್ತಾಬಾಯಿ ಫ್ಯೂಸಿನ ತಂತಿಗೆ ಬಂದರು. ಮಲ್ಲಿಗೆ ಕಟ್ಟಿ ಮಾರುವವರು, ಗದ್ದೆಯಾಚೆ ಇಗರ್ಜಿಯ ಹತ್ತಿರ ಮನೆ. ನಾನು ಮೊತ್ತಮೊದಲು ಟ್ಯೂಬು ಮಾರಿದ್ದು ಅವರಿಗೇ. ಗೋಣಿ ಎಲ್ಲಿ ಎಂದು ಅವರ ಕೈ ನೋಡಿದೆ. ಖಾಲಿ. ಟ್ಯೂಬು ಹೇಗುಂಟು ಎಂದು ಧೈರ್ಯ ಮಾಡಿ ಕೇಳಿದೆ.

"ಅದಕ್ಕೆಂತ ಆಗಿದೆ ರಾಯ್ರೆ? ಉರೀತಾ ಉಂಟು" ಎಂದರು.

ಉರಿಯುತ್ತಾ ಉಂಟಂತೆ. ಅದೇ ಪೆಟ್ಟಿಗೆಯ ಮಾಲು. ಖುಷಿಯೂ ಆಯಿತು, ಹೊಟ್ಟೆಯುರಿಯೂ ಆಯಿತು.

ಜುಲೈ ೫

ಬರ್ತಾಬಾಯಿಯ ಮನೆಗೆ ಶೀನನನ್ನು ಕರೆದುಕೊಂಡು ಹೋದೆ. ಹೂ ಬೇಕೆಂದು ಮನೋರಮಳೂ ಹಿಂದೆ ಬಂದಳು. ನಾನು ಮೀಟರು ನೋಡಿದೆ, ಶೀನ ಟೆಸ್ಟರು ಹಿಡಿದು ಗೋಡೆಗೋಡೆ ಮುಟ್ಟಿದ. ವಿಶೇಷ ಎಂತದೂ ಇಲ್ಲ. ಮುಂದಿನ ಕೋಣೆಯಲ್ಲಿ ದೇವರ ಪಟ, ಅದರ ಎದುರು ಸಣ್ಣ ಕೆಂಪು ಬಲ್ಬು, ಅಷ್ಟೇ. ಟ್ಯೂಬು ಅಲ್ಲಿ ಇರಲೇ ಇಲ್ಲ.

ಟ್ಯೂಬು ಇದ್ದದ್ದು ಅಡಿಗೆಮನೆಯಲ್ಲಿ. ಮಳೆಯ ಬೆಳಗ್ಗೆ ಹೊರಗೆ ಕತ್ತಲು ಕವಿದಿದ್ದರೆ, ಒಳಗೆ ಬರ್ತಾಬಾಯಿ ಬಾಳೆನಾರಿನಲ್ಲಿ ಮೊಗ್ಗು ಪೋಣಿಸುತ್ತಾ ಕೂತಿದ್ದರು. ಒಂದೊಂದು ಮೊಗ್ಗಿನ ತೊಟ್ಟೂ ಕಾಣುವಷ್ಟು ಬೆಳಕು. ಮನೋರಮಾ ಬಾಗಿಲಲ್ಲೇ ನಿಂತುಬಿಟ್ಟಳು. ಮಲ್ಲಿಗೆ ನೋಡುತ್ತಿದ್ದಾಳೆ ಎಂದುಕೊಂಡೆ. ಅವಳು ನೋಡುತ್ತಿದ್ದದ್ದು ಅಲ್ಲಿನ ಬೆಳಕನ್ನು.

"ಬಾಯಮ್ಮ, ಇದನ್ನು ಆಗಾಗ ಆರಿಸ್ತೀರಾ?" ಎಂದು ಕೇಳಿದಳು.

"ಆರಿಸುವುದೆಂತಕ್ಕೆ? ಕೈ ತುಂಬ ಮೊಗ್ಗು ಉಂಟಲ್ವಾ? ಬೆಳಿಗ್ಗೆ ಕಟ್ಟಿ ಮುಗಿದ ಮೇಲೆ ಒಮ್ಮೆ, ರಾತ್ರಿ ತೇರ್ಸದ ಪ್ರಾರ್ಥನೆ ಆಗಿ ಊಟ ಮುಗಿದ ಮೇಲೆ ಒಮ್ಮೆ" ಎಂದರು ಬರ್ತಾಬಾಯಿ.

ಬರುವ ದಾರಿಯಲ್ಲಿ ಗದ್ದೆಯ ಬದುವಿನ ಮೇಲೆ ಮನೋರಮಾ, "ನಮ್ಮ ಚಾವಡಿಯದನ್ನು ನೀವು ಒಂದು ಸಂಜೆಗೆ ಎಷ್ಟು ಸಲ ಹಾಕಿ ಆರಿಸ್ತೀರಿ, ಲೆಕ್ಕ ಉಂಟಾ?" ಎಂದಳು. ಜಾರುತ್ತದೆ, ನೆಲ ನೋಡಿ ನಡೆ ಎಂದೆ.

ಜುಲೈ ೬

ಲೆಕ್ಕ ಇಲ್ಲ. ಅದೇ ಆಗಿರುವುದು.

ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಚಾವಡಿಯ ಟ್ಯೂಬು ಹಾಕುವುದು ನಮ್ಮ ಕಡೆಯ ಮರ್ಯಾದೆ. ಬಂದವರನ್ನು ಕತ್ತಲಲ್ಲಿ ಕೂರಿಸಿದರೆ ಏನೆಂದುಕೊಂಡಾರು? ಅವರು ಮೆಟ್ಟಿಲು ಇಳಿದೊಡನೆ ಆರಿಸುವುದೂ ಅಷ್ಟೇ ಖಂಡಿತ, ಕರೆಂಟು ದಂಡ ಅಲ್ಲವೇ? ಹಾಲಿನವಳು ಬಂದರೆ ಹಾಕು, ಹೋದರೆ ಆರಿಸು. ಪಕ್ಕದ ಮನೆಯವರು ಪೇಪರು ಕೇಳಲು ಬಂದರೆ ಹಾಕು, ಕೊಟ್ಟ ಮೇಲೆ ಆರಿಸು. ದೂಮಪ್ಪನ ಮನೆಗಂತೂ ದೋಣಿಯ ಜನ, ಮೀನಿನ ಜನ ಸಂಜೆಯಿಡೀ ಹತ್ತಿ ಇಳಿಯುತ್ತಾರೆ. ಹಾಗೆಂದು ಬೆಳಕು ಆಗಾಗ ಹಾಕಿ ಆರಿಸಿದರೆ ಟ್ಯೂಬು ಸಾಯುತ್ತದೆಯೇ? ಇದು ಹೆಂಗಸರ ಲೆಕ್ಕಾಚಾರ. ನಾನು ನಂಬುವುದಿಲ್ಲ.

ನಂಬುವುದಿಲ್ಲ ಎಂದು ಮನೋರಮಳಿಗೂ ಹೇಳಿದೆ. "ನೋಡಿದರೆ ಆಯ್ತು. ಅಂಗಡಿಯಲ್ಲಿ ಎರಡು ಹಾಕಿ. ಒಂದನ್ನು ಮುಟ್ಟಬೇಡಿ. ಇನ್ನೊಂದಕ್ಕೆ ಮರ್ಯಾದೆ ಮಾಡಿ" ಎಂದಳು.

ಜುಲೈ ೮

ಎರಡು ಟ್ಯೂಬು ಹಾಕಿಸಿದ್ದೇನೆ. ಬಲಗಡೆಯದು ಬಾಗಿಲು ತೆರೆದಾಗ ಹೊತ್ತಿದರೆ ಬಾಗಿಲು ಮುಚ್ಚುವವರೆಗೂ ಉರಿಯಬೇಕು. ಎಡಗಡೆಯದರ ಸ್ವಿಚ್ಚು ನನ್ನ ಕೈಗೆ ಎಟಕುವ ಹಾಗೆ ಇಟ್ಟುಕೊಂಡಿದ್ದೇನೆ. ಸಿಟ್ಟು ಬಂದಾಗಲೆಲ್ಲ ಹಾಕುವುದು, ಆರಿಸುವುದು. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿ, ಸಿಟ್ಟಿಗೇನು ಬರವಿಲ್ಲ. ಹೋಲ್ಡರು ಕೊಳ್ಳದೆ ಬೆಲೆ ಮಾತ್ರ ಕೇಳಿ ಹೋಗುವವರಿಗೆ ಒಂದು, ಮಂಗಳೂರಿನ ಸಗಟಿನವನ ನೆನಪಿಗೆ ಎರಡು. ನಾನು ಊಟಕ್ಕೆ ಹೋದಾಗ ಶೀನ ಸಿಟ್ಟಿಲ್ಲದೆಯೇ ಒತ್ತುತ್ತಾನೆ.

ಜುಲೈ ೩೧

ಎಡಗಡೆಯದರ ಎರಡೂ ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು. ಇವತ್ತು ಮಿಟುಕಿಸಿ ಮಿಟುಕಿಸಿ ಸತ್ತಿತು. ಬಲಗಡೆಯದು ಹಾಲಿನ ಹಾಗೆ ಉರಿಯುತ್ತಿದೆ.

ಶೀನ ಕುಣಿಯುವುದೊಂದು ಬಾಕಿ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಾಲಿನದು ತಪ್ಪಲ್ಲ, ಗಾಳಿಯದಲ್ಲ, ವೋಲ್ಟೇಜಿನದಲ್ಲ. ಟ್ಯೂಬಿನ ಆಯುಷ್ಯ ತೀರುವುದು ಉರಿಯುವಾಗ ಅಲ್ಲ, ಹೊತ್ತಿಕೊಳ್ಳುವಾಗ. ಎರ್ಮಾಳಿನಿಂದ ಕಟಪಾಡಿಯವರೆಗೆ ನಾನು ಮಾರಿದ ಟ್ಯೂಬುಗಳನ್ನೆಲ್ಲ ಮರ್ಯಾದೆ ಮಾಡಿ ಮಾಡಿಯೇ ಕೊಂದಿದ್ದಾರೆ. ಈ ಸಂಶೋಧನೆ ಮಾಡಿದ್ದಕ್ಕೆ ನನಗೇ ನನ್ನ ಬೆನ್ನು ತಟ್ಟಬೇಕೆನಿಸಿತು.

ಮನೆಗೆ ಹೋಗಿ ವಿವರಿಸಿದೆ. ಮನೋರಮಾ ಪೂರ್ತಿ ಕೇಳಿ, "ಬೇಕಾದಾಗ ಮಾತ್ರ ಹಾಕಿ, ಬೇಡವಾದ ತಕ್ಷಣ ಆರಿಸಿ, ಇನ್ನೂ ಉಳಿತಾಯ ಅಂತ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಯಾರು?" ಎಂದಳು.

ಆ ವಿಷಯ ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಆಗಸ್ಟ್ ೪

ಕಾರಣ ಸಿಕ್ಕಿದರೆ ಸಾಕೇ? ಸಂಜೆಯಿಂದ ಮಲಗುವವರೆಗೆ ಚಾವಡಿಯ ದೀಪ ಆರಿಸಬೇಡಿ ಎಂದರೆ ಯಾರು ಕೇಳುತ್ತಾರೆ? ಯಾರೂ ಇಲ್ಲದ ಚಾವಡಿಯಲ್ಲಿ ದೀಪ ಉರಿಯುವುದನ್ನು ನೋಡಿದರೆ ನನ್ನ ಕೈಯೇ ಸ್ವಿಚ್ಚಿಗೆ ಹೋಗುತ್ತದೆ. ಬಂದವರಿಗೆ ದೀಪ ಹಾಕಬೇಡಿ ಎನ್ನಲೂ ಬಾಯಿ ಬರುವುದಿಲ್ಲ.

"ಸಂಜೆಯಿಂದ ಊಟ ಆಗಿ ಪಾತ್ರೆ ತೊಳೆಯುವವರೆಗೆ ಜನ ಇರುವ ಕೋಣೆ ಮನೆಯಲ್ಲಿ ಒಂದು ಉಂಟು" ಎಂದಳು ಮನೋರಮಾ. "ಅಲ್ಲಿ ಹಾಕಿ. ಚಾವಡಿಗೆ ಬಲ್ಬು ಇರಲಿ. ಬಲ್ಬಿಗೆ ಎಷ್ಟು ಸಲ ಮರ್ಯಾದೆ ಮಾಡಿದರೂ ತಡಕೊಳ್ತದೆ."

ಇದನ್ನು ನಾನೂ ಯೋಚಿಸುತ್ತಿದ್ದೆ. ಅವಳು ಸ್ವಲ್ಪ ಮೊದಲು ಹೇಳಿದಳು, ಅಷ್ಟೇ. ಹೊಸ ಟ್ಯೂಬೊಂದನ್ನು ನಮ್ಮ ಅಡಿಗೆಮನೆಗೆ ಹಾಕಿಸಿದೆ. ದೀಪ ಹೊತ್ತಿದಾಗ ಅವಳು ಗೋಡೆ ನೋಡಿದಳು, ಮಾಡಿನ ಹಂಚು ನೋಡಿದಳು, ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟು ವರ್ಷ ನಾನು ಬೇಯಿಸಿದ್ದನ್ನು ಇವತ್ತು ನೋಡ್ತಾ ಇದ್ದೇನೆ" ಎಂದಳು. ನಗುತ್ತಲೇ ಹೇಳಿದಳು. ನನಗೆ ಯಾಕೋ ನಗು ಬರಲಿಲ್ಲ.

ಆಗಸ್ಟ್ ೧೦

ಇನ್ನು ನನ್ನ ಮಾತು ಹೀಗೆ: ಟ್ಯೂಬು ಅಡಿಗೆಮನೆಗೆ ಹಾಕಿದರೆ ಎರಡು ವರ್ಷಕ್ಕೆ ನಾನು ಹೊಣೆ. ಚಾವಡಿಗೆ ಹಾಕಿದರೆ ದೇವರು ಹೊಣೆ. ಈಗಾಗಲೇ ಬದಲಿಸಿ ಕೊಟ್ಟವುಗಳನ್ನು ಶೀನ ಮನೆಮನೆಗೆ ಹೋಗಿ ಬಿಟ್ಟಿಯಾಗಿ ಒಳಗೆ ಹಾಕಿಕೊಡಬೇಕು.

ಮೊದಲು ದೂಮಪ್ಪನ ಮನೆಗೆ ನಾನೇ ಹೋದೆ. ಅವನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು. "ಎಂತ ರಾಯ್ರೆ, ಅಡಿಗೆಕೋಣೆಗೆ ಟ್ಯೂಬಾ? ಅಲ್ಲಿ ಹಾಕಿದರೆ ಯಾರು ನೋಡ್ತಾರೆ?" ಎಂದ.

ಒಳಗಿನಿಂದ ಅವನ ಹೆಂಡತಿಯ ಧ್ವನಿ ಬಂತು. "ನಾನು ನೋಡ್ತೇನೆ."

ದೂಮಪ್ಪ ಸಮುದ್ರದ ಕಡೆ ತಿರುಗಿ ನಿಂತ. ಶೀನ ಏಣಿ ಹಿಡಿದು ಒಳಗೆ ಹೋದ.

ಸೆಪ್ಟೆಂಬರ್ ೧೪

ಚೌತಿ ಮುಗಿದ ಮೇಲೆ ಅಂಗಡಿಯ ಬಣ್ಣವೇ ಬದಲಾಗಿದೆ. ಹೆಂಗಸರು ಬರುತ್ತಿದ್ದಾರೆ. ಹಬ್ಬದ ಕಡುಬು, ಚಕ್ಕುಲಿ ಮಾಡಲು ಸೇರಿದಲ್ಲೆಲ್ಲ ದೂಮಪ್ಪನ ಹೆಂಡತಿ, ಬರ್ತಾಬಾಯಿ ಇವರದೇ ಅಡಿಗೆಮನೆಯ ಸುದ್ದಿಯಂತೆ. ತೊಂದರೆ ಎಂದರೆ ಅವರು ನನ್ನ ಹತ್ತಿರ ಮಾತಾಡುವುದಿಲ್ಲ. ಒಲೆ ಎಲ್ಲಿದೆ, ಅರೆಯುವ ಕಲ್ಲು ಎಲ್ಲಿದೆ, ನೆರಳು ಯಾವ ಕಡೆ ಬೀಳುತ್ತದೆ ಎಂದು ನಾನು ಕೇಳಿದರೆ ಸೆರಗು ಸರಿ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮನೋರಮಳನ್ನು ಒಂದು ವಾರದ ಮಟ್ಟಿಗೆ ಬಂದು ಕೂರಲು ಹೇಳಿದ್ದೇನೆ. ಒಂದು ವಾರ ಮಾತ್ರ.

ಅಕ್ಟೋಬರ್ ೨೮

ದೀಪಾವಳಿಯ ವ್ಯಾಪಾರ ಭರ್ಜರಿ. ಊಟಕ್ಕೂ ಪುರುಸೊತ್ತಿಲ್ಲ. ಮನೋರಮಳಿಗೆ ಕಾಲು ನೋಯುತ್ತದೆಂದು ಕೈ ಇರುವ ಕುರ್ಚಿ ತರಿಸಿದೆ. ನನಗೆ ಸ್ಟೂಲೇ ಅಭ್ಯಾಸ.

ಡಿಸೆಂಬರ್ ೧೯

ಡಾಕ್ಟರು ನೋಡಿ ರಕ್ತದೊತ್ತಡ ಇಳಿದಿದೆ ಎಂದರು. ಅವರ ಮಾತ್ರೆ ಒಳ್ಳೆಯದಿರಬೇಕು. ಈಚೆಗೆ ಬರೆಯಲು ನೆನಪಾಗುವುದೂ ಕಡಿಮೆ. ಸಂಜೆ ಪೇಪರು ಓದುವುದು ಅಡಿಗೆಮನೆಯಲ್ಲೇ, ಅಕ್ಷರ ಚೆನ್ನಾಗಿ ಕಾಣುತ್ತದೆ. ಸುಮ್ಮನೆ ಕೂರುವುದೆಂತಕ್ಕೆ ಎಂದು ನಿನ್ನೆ ಅಕ್ಕಿಯ ಕಲ್ಲು ಆರಿಸಿಕೊಟ್ಟೆ. ಅವಳು ಆರಿಸಿದ್ದರಲ್ಲೂ ನನಗೆ ಎರಡು ಸಿಕ್ಕಿತು, ಹೇಳಿದೆ.

ಜನವರಿ ೨೧, ೧೯೮೨

ಇವತ್ತಿನದನ್ನು ಬರೆಯದಿದ್ದರೆ ನಿದ್ರೆ ಬರಲಿಕ್ಕಿಲ್ಲ.

ಹನ್ನೊಂದು ಗಂಟೆಯ ಹೊತ್ತು, ಅಂಗಡಿ ತುಂಬ ಜನ. ದೂಮಪ್ಪ ಬಂದ. ಕಂಕುಳಲ್ಲಿ ಗೋಣಿ. "ರಾಯ್ರೆ, ಅಡಿಗೆಕೋಣೆಯಲ್ಲೂ ಹೋಯ್ತು ನಿಮ್ಮದು" ಎಂದು ಎಲ್ಲರ ಎದುರು ಗೋಣಿ ಬಿಚ್ಚಿದ. ಒಳಗೆ ಕಂದು ಬಣ್ಣದ ಕೋಲು. "ಬೆಳಕೇ ಇಲ್ಲ. ಹೆಂಡತಿಗೆ ಮೀನಿನ ಮುಳ್ಳು ಕಾಣುವುದಿಲ್ಲ."

ಗಿರಾಕಿ ಹೆಂಗಸೊಬ್ಬಳು ಕೈಯಲ್ಲಿದ್ದ ಹೊಸ ಟ್ಯೂಬನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಇದೂ ಸೋತರೆ ಬೊಂಬಾಯಿಯೇ ಗತಿ ಎಂದು ನನಗೆ ಅಲ್ಲೇ ಖಚಿತವಾಯಿತು. ಹೊಸತು ಕೊಡಲು ಕಪಾಟಿನ ಕಡೆ ತಿರುಗಿದೆ.

"ನಿಲ್ಲಿ" ಎಂದಳು ಮನೋರಮಾ. ಟ್ಯೂಬನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಒಂದು ಗೆರೆ ಎಳೆದಳು. ಗೆರೆಯ ಅಡಿಯಲ್ಲಿ ಬೆಳ್ಳಗೆ ಕಂಡಿತು. "ದೂಮಪ್ಪಣ್ಣ, ಇದನ್ನು ಹಾಕಿದ್ದು ಒಲೆಯ ನೇರ ಮೇಲಾ?"

"ಹೌದು. ಶೀನ ಹಾಕಿದ್ದು ಆಚೆ ಗೋಡೆಗೆ. ಒಲೆಗೆ ಬೆಳಕು ಬೀಳಲಿ ಅಂತ ನಾನೇ ತೆಗೆದು ಅದರ ಮೇಲೆ ಹಾಕಿದೆ."

ಅವಳು ಶೀನನಿಂದ ಸೋಪಿನ ನೀರು ತರಿಸಿದಳು. ಮಗುವಿನ ಕೈಕಾಲು ಒರೆಸುವ ಹಾಗೆ ಒದ್ದೆ ಬಟ್ಟೆಯಿಂದ ಆ ತುದಿಯಿಂದ ಈ ತುದಿಯವರೆಗೆ ಒರೆಸಿದಳು. ಬಟ್ಟೆ ಕಪ್ಪಾಯಿತು, ನೀರು ಕಪ್ಪಾಯಿತು. ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ತುದಿಯ ಕಡ್ಡಿಗಳು ಒಣಗಿದ್ದನ್ನು ನೋಡಿ ಶೀನನ ಕೈಗೆ ಕೊಟ್ಟಳು. ಅವನು ಸ್ಟೂಲು ಹತ್ತಿ ಸಿಕ್ಕಿಸಿದ. ಸ್ವಿಚ್ಚು ನನ್ನ ಕೈಯಲ್ಲಿತ್ತು. ಒತ್ತಲು ಹೆದರಿದೆ ಎಂದು ಇಲ್ಲಿ ಬರೆದರೆ ತಪ್ಪಿಲ್ಲ. ಒತ್ತಿದೆ.

ಹೊತ್ತಿತು. ಪಕ್ಕದಲ್ಲಿದ್ದ ಹೊಸ ಟ್ಯೂಬಿಗೂ ಇದಕ್ಕೂ ವ್ಯತ್ಯಾಸ ಹೇಳಲು ಬಾರದ ಹಾಗೆ ಹೊತ್ತಿತು. ಅಂಗಡಿಯಲ್ಲಿ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ದೂಮಪ್ಪ ಗೋಣಿಯನ್ನು ಹೆಗಲಿಗೆ ಹಾಕಿಕೊಂಡು, "ಅಕ್ಕಾ, ಹಾಗಾದರೆ ಆಚೆ ಗೋಡೆಗೇ ಅಲ್ವಾ?" ಎಂದು ಕೇಳಿದ. ಕೇಳಿದ್ದು ಅವಳನ್ನು. ಮೇಜಿನ ಮೇಲೆ ಟ್ಯೂಬು ಇಟ್ಟವಳು ಅದನ್ನು ಮತ್ತೆ ಎತ್ತಿಕೊಂಡಳು, ಅವಳ ತಂಗಿಗೆ ಇನ್ನೊಂದು ಬೇಕೆಂದಳು.

ನನಗೆ ಅಳು ಬಂದಂತಾಗಿ ಹಿಂದಿನ ಕೋಣೆಗೆ ಹೋಗಿ ವಯರಿನ ಸುರುಳಿ ಎಣಿಸುವ ಹಾಗೆ ಮಾಡಿದೆ. ನಾವು ಗೆದ್ದೆವು.

ಮಾರ್ಚ್ ೧೬

ಗೋಣಿ ಹಿಡಿದವರು ಯಾರೂ ಬಂದಿಲ್ಲ. ನಾಳೆ ಕಾರ್ಕಳಕ್ಕೆ ಮನೋರಮಾ ಮತ್ತು ಶೀನ ಹೋಗುತ್ತಾರೆ, ಅಲ್ಲೊಂದು ಅಂಗಡಿಯವರಿಗೆ ಯಾವ ಟ್ಯೂಬು ಎಲ್ಲಿಗೆ ಎಂದು ಹೇಳಿಕೊಡಬೇಕಂತೆ. ಅಡಿಗೆ ನನ್ನದು.

ಮೇ ೧೧

ಅಣ್ಣ ನಿನ್ನೆ ಬಂದ. ವಾಪಸು ಹೋಗಲು ಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿಯೇ ಬಂದಿದ್ದಾನೆ. ಒಂದು ಅವನಿಗೆ, ಒಂದು ನನಗೆ.

ಇವತ್ತು ಬೆಳಗ್ಗಿನಿಂದ ಅಂಗಡಿಯಲ್ಲಿ ಕೂತು ಎಲ್ಲ ನೋಡಿದ. ಬಂದವರು "ಅಕ್ಕ ಇಲ್ವಾ?" ಎಂದು ಕೇಳುವುದು, ಇದ್ದಾಳೆ ಎಂದು ನಾನು ಕುರ್ಚಿ ತೋರಿಸುವುದು, ಇಷ್ಟನ್ನೇ ನೋಡುತ್ತಿದ್ದ. ಸಂಜೆ ಮನೆಯ ಚಾವಡಿಯಲ್ಲಿ ಬಲ್ಬಿನ ಕೆಳಗೆ ಸ್ವಲ್ಪ ಹೊತ್ತು ಒಬ್ಬನೇ ಕೂತ. ಆಮೇಲೆ ಮಾತು ಕೇಳಿದ ಕಡೆ ಹುಡುಕಿಕೊಂಡು ಅಡಿಗೆಮನೆಗೆ ಬಂದ. ಹುಟ್ಟಿದಾಗಿನಿಂದ ಊಟದ ಹೊತ್ತು ಬಿಟ್ಟರೆ ಅಣ್ಣ ಅಡಿಗೆಮನೆಗೆ ಕಾಲಿಟ್ಟದ್ದನ್ನು ನಾನು ಕಂಡವನಲ್ಲ.

ನಾನು ಕಾಯಿ ತುರಿಯುತ್ತಿದ್ದೆ. ಮನೋರಮಾ ನೀರುದೋಸೆ ಎಬ್ಬಿಸುತ್ತಿದ್ದಳು.

"ಇದೆಂತ ಮಾರಾಯ, ಕುರ್ಚಿಯಲ್ಲಿ ಅವಳು, ತುರಿಮಣೆಯ ಮೇಲೆ ನೀನು?" ಎಂದ ಅಣ್ಣ.

"ಇಲ್ಲಿ ಬೆಳಕು ಚೆನ್ನಾಗಿ ಉಂಟು ಅಣ್ಣ" ಎಂದೆ.

ಅವನು ಮಣೆ ಎಳೆದುಕೊಂಡು ಕೂತ. ಎರಡು ದೋಸೆ ತಿಂದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಹೋಟೆಲಿನ ಫ್ಯಾಮಿಲಿ ರೂಮುಗಳ ಟ್ಯೂಬು ನಿಲ್ಲುವುದೇ ಇಲ್ಲವಂತೆ, ಹಾಕಿ ಹಾಕಿ ಸಾಕಾಗಿದೆಯಂತೆ. "ನೀನು ಇದರಲ್ಲಿ ಪಂಡಿತ ಅಂತ ಊರೆಲ್ಲ ಹೇಳ್ತದೆ. ಯಾಕೆ ಹೋಗ್ತದೆ, ಹೇಳು ನೋಡುವ."

ಅಣ್ಣನ ಬಾಯಿಂದ ಇಂಥ ಒಂದು ಮಾತು ಬರಬೇಕೆಂದು ನಾನು ಎಷ್ಟು ಕಾಲದಿಂದ ಕಾದಿದ್ದೆ. ಹೇಳಬೇಕಾದದ್ದೆಲ್ಲ ನಾಲಗೆಯ ತುದಿಯಲ್ಲೇ ಇತ್ತು.

"ಮನೋರಮಾ, ಅಣ್ಣನಿಗೆ ಹೇಳು" ಎಂದೆ.

ಅವಳು ಸಟ್ಟುಗ ಕೆಳಗಿಟ್ಟು, "ಭಾವ, ಗಿರಾಕಿ ಬಂದಾಗ ಹಾಕಿ, ಎದ್ದು ಹೋದಾಗ ಆರಿಸ್ತೀರಿ ಅಲ್ವಾ?" ಎಂದು ಶುರುಮಾಡಿದಳು. ಅಣ್ಣ ಹೌದೆಂದ. ಎಲ್ಲ ಕೇಳಿಕೊಂಡ. ದೋಸೆ ತಟ್ಟೆಯಲ್ಲೇ ತಣಿಯಿತು. ಕೊನೆಗೆ ನನ್ನ ಕಡೆ ತಿರುಗಿ, "ಆ ಎರಡನೇ ಸೀಟು ಹೇಗೂ ಉಂಟು. ಇವಳನ್ನು ಹದಿನೈದು ದಿನಕ್ಕೆ ಕಳಿಸು. ಹೋಟೆಲಿನದ್ದೆಲ್ಲ ಒಮ್ಮೆ ನೋಡಿ ಸರಿ ಮಾಡಿಸಲಿ" ಎಂದ.

"ಆಗುವುದಿಲ್ಲ ಅಣ್ಣ" ಎಂದೆ. "ಅವಳಿಲ್ಲದೆ ಅಂಗಡಿ ನಡೆಯುವುದಿಲ್ಲ."

ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ಮನೋರಮಾ ಅದನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು.

"ಎಂತ ಹೇಳಿದಿರಿ? ಇನ್ನೊಮ್ಮೆ ಹೇಳಿ" ಎಂದಳು.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ, ಅಂಗಳದವರೆಗೂ ಕೇಳುವಷ್ಟು ಗಟ್ಟಿಯಾಗಿ.